ಐದನೇ ಕೋಣೆಗೆ ಸಿಗ್ನಲ್

ಕಲ್ಲುಪುಡಿ ಬಣ್ಣದ ಊರು ನಮ್ಮದು, ವೇಲ್ಸಿನ ಉತ್ತರಕ್ಕೆ.
ಬೆಟ್ಟ ಸೀಳಿ, ಹಲಗೆ ತೆಗೆದು, ಊರೂರಿನ ಮಾಡಿಗೆ ಹೊದಿಸಿ
ಉಳಿದ ಚೂರಿನಲ್ಲಿ ತಾತ ಕಟ್ಟಿದ ಮನೆ.
ಗೋಡೆ ಎರಡು ಮೊಳ ದಪ್ಪ.
ಗಾಳಿಯೂ ಅಪ್ಪಣೆ ಕೇಳಿ ಒಳಗೆ ಬರಬೇಕು,
ವೈಫೈ ಪಾಪ ಯಾವ ಲೆಕ್ಕ.

ಐದು ಕೋಣೆಯ ತಂಗುಮನೆ ನಡೆಸುತ್ತೇವೆ,
ಅಕ್ಕ ಮೊರ್ವಿದ್ ಮತ್ತು ನಾನು.
ಐದನೆಯದರಲ್ಲಿ ಉಳಿದವರು
ಬೆಳಗ್ಗೆ ಮೊಟ್ಟೆ ಒಡೆಯುವ ಮೊದಲೇ
ಫೋನು ಎತ್ತಿ ತೋರಿಸುತ್ತಾರೆ: ಗೆರೆಗಳಿಲ್ಲ, ಬರೀ ಚುಕ್ಕಿ.
ಹಣ ವಾಪಸು ಕೇಳಿದವರು ಇಬ್ಬರು.
ಒಬ್ಬ ಮಾತ್ರ ಕೈ ಹಿಡಿದು ಥ್ಯಾಂಕ್ಸ್ ಹೇಳಿದ,
ಹನ್ನೊಂದು ವರ್ಷದಿಂದ ಅಂಥ ನಿದ್ದೆ ಬಂದಿರಲಿಲ್ಲವಂತೆ.

ಮೂರು ಬಿಳಿ ಡಬ್ಬಿ ತರಿಸಿದೆವು,
ಅಂಗೈಯಗಲ, ಬೆಣ್ಣೆಯುಂಡೆಯಷ್ಟು ನುಣುಪು.
ಮೆಶ್ ಅಂತ ಹೆಸರು. ಬೆಂಕಿ ಬಿದ್ದ ದಿನ
ಹೊಳೆಯಿಂದ ಬಕೆಟ್ಟು ಕೈಯಿಂದ ಕೈಗೆ ದಾಟಿಸಿದ ಹಾಗೆ
ಒಂದು ಹಿಡಿದದ್ದನ್ನು ಇನ್ನೊಂದಕ್ಕೆ ಕೊಡುತ್ತದಂತೆ.
ಕಂಪನಿ ಕೊಟ್ಟ ಕರಿ ರೂಟರು ಮೊದಲೇ ಇತ್ತು ಬಾಗಿಲ ಬಳಿ.
ತಳದಲ್ಲಿ ಚೀಟಿ, ಚೀಟಿಯಲ್ಲಿ ಪಾಸ್‌ವರ್ಡು,
ಸೊನ್ನೆಯೋ, ಓ ಅಕ್ಷರವೋ?
ಅಕ್ಕ ಭೂತಗನ್ನಡಿ ಹಿಡಿದಳು, ನಾನು ಟಾರ್ಚು.
ಮೂರನೇ ಸಲಕ್ಕೆ ಸೊನ್ನೆ ಅಂತ ತೀರ್ಮಾನವಾಯಿತು.

ದೀಪ ನೀಲಿ. ಆಮೇಲೆ ಹಳದಿ. ಆಮೇಲೂ ಹಳದಿ.

ನಲವತ್ತು ನಿಮಿಷ ಕೊಳಲು ಕೇಳಿಸಿ
ಇಡ್ರಿಸ್ ಅನ್ನುವ ಹುಡುಗನ ದನಿ ಬಂತು:
"ಮೇಡಂ, ಮನೆಗೆ ಯಜಮಾನರು ಇಬ್ಬರಾಗಿದ್ದಾರೆ.
ಹಳೆಯದೂ ವಿಳಾಸ ಹಂಚುತ್ತೆ, ಹೊಸದೂ ಹಂಚುತ್ತೆ.
ಟಪಾಲು ಯಾರ ಮಾತು ಕೇಳಬೇಕು?"

ಫೋನು ಸ್ಪೀಕರಿನಲ್ಲಿತ್ತು.
ಅಕ್ಕ ನನ್ನತ್ತ ನೋಡಲಿಲ್ಲ. ನಾನೂ ನೋಡಲಿಲ್ಲ.
ಈಸ್ಟರಿಗೆ ಮೂರನೇ ಕೋಣೆಯನ್ನು
ಅವಳು ಒಬ್ಬ ಪಾದ್ರಿಗೆ ಕೊಟ್ಟಿದ್ದಳು, ನಾನು ಹೊಸ ಜೋಡಿಗೆ.
ಬೀಗದಕೈ ಎರಡು, ಹಾಸಿಗೆ ಒಂದು.
ಪಾದ್ರಿ ಬಾಗಿಲು ತೆರೆದಾಗ ಎದ್ದ ಕೂಗು
ಬೀದಿ ತುದಿಯ ಬೇಕರಿಯಲ್ಲಿ
ಇವತ್ತಿಗೂ ಬನ್ನಿನ ಜೊತೆ ಪುಕ್ಕಟೆ.

"ಹಳೆಯದನ್ನು ಬರೀ ಸೇತುವೆ ಮಾಡೋಣವೆಂದರೆ
ನಮ್ಮ ಪೆಟ್ಟಿಗೆಗೆ ಆ ವಿದ್ಯೆ ಕಲಿಸಿಲ್ಲ.
ಹೊಸದೇ ಬಗ್ಗಬೇಕು. ಸೆಟ್ಟಿಂಗಿನಲ್ಲಿ ಒಂದು ಗುಂಡಿಯಿದೆ.
ಒತ್ತಿದರೆ ಹಂಚುವುದು ಬಿಟ್ಟು ದಾಟಿಸುತ್ತಾ ಇರುತ್ತೆ."
"ಅದಕ್ಕೆ ಬೇಜಾರಾಗಲ್ಲವಾ?" ಅಂದಳು ಅಕ್ಕ. ತಮಾಷೆಗಲ್ಲ.
ಹುಡುಗ ತಡವರಿಸಿ, "ವೇಗ ಕಮ್ಮಿಯಾಗಲ್ಲ ಮೇಡಂ" ಅಂದ.

ಒತ್ತಿದ್ದು ನಾನು. ಕಿರಿಯಳು ತಾನೆ.
ಬುಕಿಂಗ್ ಪುಸ್ತಕವನ್ನೂ ಅವಳ ಕಡೆ ಸರಿಸಿದೆ.
(ಐದನೇ ಕೋಣೆಯ ಬೀಗದಕೈ ಒಂದು
ಇನ್ನೂ ನನ್ನ ಏಪ್ರನ್ನಿನ ಜೇಬಲ್ಲಿದೆ.)

ಎರಡನೇ ಡಬ್ಬಿ ಮೆಟ್ಟಿಲ ತಿರುವಿಗೆ, ಗಣಿದೀಪದ ಪಕ್ಕ.
ಮೂರನೆಯದು ಐದನೇ ಕೋಣೆಯ ಹೊರಗೆ, ಮಾಡಿನ ಕೆಳಗಿನ ಸಂದಿಗೆ.
ಜಾಗದ ಹೆಸರು ಆರಿಸಿ, ಅಂದಿತು ಫೋನು:
ಅಡುಗೆಮನೆ, ಕಚೇರಿ, ಗ್ಯಾರೇಜು.
ಅಪ್ಪ ಕೊನೆಯ ಮೂರು ಚಳಿಗಾಲ
ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ,
ಮಲಗಿದರೆ ಎದೆಯೊಳಗಿನ ಕಲ್ಲುಪುಡಿ ಉಸಿರು ಕಟ್ಟಿಸುತ್ತಿತ್ತು.
ಆ ಕೆಮ್ಮು ಮಾತ್ರ
ಈ ಎಲ್ಲ ಗೋಡೆ ದಾಟಿ ಕೆಳಗೆ ಒಲೆಯ ತನಕ ಬರುತ್ತಿತ್ತು,
ಒಂದು ಗೆರೆಯೂ ಕಮ್ಮಿಯಾಗದೆ.
ಅಕ್ಕ ಒಂದೇ ಬೆರಳಲ್ಲಿ ಒತ್ತಿದಳು: ಅಪ್ಪ.

ಬಿಳಿ ದೀಪ.

ಮೊನ್ನೆ ನಡುರಾತ್ರಿ ಇಬ್ಬರ ಫೋನೂ ಒಟ್ಟಿಗೆ ನಡುಗಿದವು.
'ಅಪ್ಪ ಸಂಪರ್ಕಕ್ಕೆ ಸಿಗುತ್ತಿಲ್ಲ.'
ಬರಿಗಾಲಲ್ಲಿ ಓಡಿ, ಮೆಟ್ಟಿಲ ಮೇಲೆ ಡಿಕ್ಕಿ ಹೊಡೆದೆವು,
ಅವಳ ಕೈಯಲ್ಲಿ, ಯಾಕೋ, ನೀರಿನ ಲೋಟ.
ಐದನೆಯವನು ಪ್ಲಗ್ಗು ಕಿತ್ತು
ತನ್ನ ಹಲ್ಲುಜ್ಜುವ ಬ್ರಶ್ಶು ಚಾರ್ಜಿಗೆ ಹಾಕಿದ್ದ.