ಹತ್ತರಾಗ ಎಷ್ಟು?

ಬೆಳಗಾವಿ ಕ್ಯಾಂಪಿನ ಮಿಲಿಟರಿ ದವಾಖಾನಿಯೊಳಗ
ಪ್ರತಿ ಮಂಗಳವಾರ ಅದೇ ಪ್ರಶ್ನೆ:
ದರ್ದ್ ಕಿತನಾ, ಹವಾಲ್ದಾರ್ ಸಾಬ್? ದಸ್ ಮೇಂ ಕಿತನಾ?
ತೀನ್, ಅಂತೀನಿ.
ಹನ್ನೊಂದು ವರ್ಷದಿಂದ ತೀನ್.
ಪಾಲಿಶ್ ಹಚ್ಚಿದ ಬೂಟಿನಂಗ ಮಿಂಚೂ ಉತ್ತರ.

ಬಾಜೂಕ ಕೂತ ಕಸ್ತೂರಿ
ಸೆರಗಿನ ಮರಿಯಾಗ ಎಂಟು ಬೆರಳು ಬಿಚ್ಚತಾಳ.
ಯಾರಿಗೂ ತೋರಸೂದಿಲ್ಲ. ನನಗ ಗೊತ್ತು.

ಎಕ್ಸ್‌ರೇದಾಗ ಏನೂ ಇಲ್ಲ.
ಬೆಳಕಿಗೆ ಹಿಡದ್ರ ನನ್ನ ಟೊಂಕ
ತೊಳದಿಟ್ಟ ತಾಟಿನಂಗ ಸ್ವಚ್ಛ.
ಗುಂಡು ಹೊಕ್ಕಿದ್ರ ತೋರಿಸಬಹುದಿತ್ತು
ಅಂಗಿ ಎತ್ತಿ, ನೋಡ್ರಿ ಇಲ್ಲಿ ಅಂತ.
ಕಾಣದ ಬ್ಯಾನಿಗೆ
ಮದುವಿ ಮನ್ಯಾಗ ಹೇಳಾಕ ಒಂದು ಕಥಿನೂ ಇಲ್ಲ.

ಹೊಸಾ ಮೇಜರ್ ಬಂದಾಳ, ಇಬೆಮ್, ಮಣಿಪುರದಾಕಿ.
ಗುಳಿಗಿ ಡಬ್ಬಿ ಸುರುವಿ ನೋಡಿ ಅರ್ಧ ತಗದಿಟ್ಟಳು.
ಕಿವಿ ಹಿಂದ, ಮೊಳಕಾಲ ಕೆಳಗ ಸೂಜಿ,
ಕೂದಲಿನಂಥವು.
ಶಿಂಪಿ ಅರಿವಿಗೆ ಗುಂಡುಸೂಜಿ ಚುಚ್ಚಿ ಹಿಡದಂಗ
ಇಪ್ಪತ್ತು ಮಿನಿಟು ನನ್ನ ಹಿಡದಿಟ್ಟಳು.
ಆಮ್ಯಾಲ ಉಸುರು. ನಾಕು ಎಣಿಸಿ ಒಳಗ, ಆರು ಎಣಿಸಿ ಹೊರಗ.
ಪರೇಡಿನಾಗ ಎದಿ ಉಬ್ಬಸೂದು ಕಲಿಸಿದ್ರು,
ಹೊಟ್ಟಿ ಸಡಲ ಬಿಡೂದು ಯಾರೂ ಕಲಿಸಿದ್ದಿಲ್ಲ.

ಕಸ್ತೂರಿ ರಾತ್ರಿ ಹಂಚಿನ ಮ್ಯಾಲ ಉಪ್ಪು ಹುರದು
ಗಂಟು ಕಟ್ಟಿ ಶಾಖ ಕೊಡೂದು ಕೇಳಿ
ಮೇಜರ್ ಬರದಳು:
ಉಪ್ಪಿನ ಗಂಟು, ದಿನಕ್ಕ ಎರಡು ಸಲ, ಹೆಂಡತಿ ಕೈಲೆ.
ಆ ಚೀಟಿ ಈಗ ಅಡಗಿಮನ್ಯಾಗ
ಕ್ಯಾಲೆಂಡರಿನ ಮೊಳಿಗೆ ತೂಗತೈತಿ,
ಹುಕುಮಿನಂಗ.

ಮೂರನೇ ತಿಂಗಳು. ಮಾಲೀಸಿನ ಮೇಜಿನ ಮ್ಯಾಲ ಬೋರಲ ಮಲಗೀನಿ.
ಹುಕ್ಕೇರಿ ದಿಲ್ಶಾದ್, ಎಣ್ಣಿ ಕೈ, ಕೇಳಿದಳು
ನಮ್ಮ ಮಾತಿನಾಗ:
ಏನಾಗತೈತ್ರೀ? ಖರೇ ಹೇಳ್ರಿ, ನಂಬರ್ ಬ್ಯಾಡ.

ಅವ್ವನ ಮಾತು ಬಾಯಿಂದ ಉದುರಿದವು.
ಮುಂಜಾನೆ ಜೋಮು. ಬಗ್ಗಿದ್ರ ಚಳಕು.
ಚಹಾ ಕುಡಿಯೂದ್ರಾಗ ಸೆಳೆತ, ಹಿಮ್ಮಡದ ಮಟ ಇಳೀತೈತಿ.
ಸಂಜಿಗೆ ಕಟಕಟಿ. ನಡುರಾತ್ರಿ
ಒಣಮೆಣಸಿನಕಾಯಿ ಚೀಲದ ಮ್ಯಾಲ ಮಲಗಿಸಿದಂಗ ಉರಿ.
ಹೇಳಕೋತ ಹೋದೆ. ಹಿಂದಿಯೊಳಗ
ಇವಕ್ಕೆಲ್ಲಾ ಒಂದೇ ಹೆಸರಿತ್ತು, ತೀನ್.

ಆಮ್ಯಾಲ ದತ್ತಾನ ಹೆಸರೂ ಬಂತು.

ಮಾರ್ಟರಿನ ಬೇಸ್ ಪ್ಲೇಟ್ ಹೊತ್ತು ಟೊಂಕ ಹೋತು ಅಂತ
ಕಾಗದದಾಗ ಐತಿ. ಸುಳ್ಳಲ್ಲ.
ಪ್ಲೇಟ್ ಮ್ಯಾಲ ಒಯ್ದೆ. ಕೆಳಗ ತಂದದ್ದು
ದತ್ತಾ ಚೌಗುಲೆನ್ನ, ಖಾನಾಪುರದಾಂವನ್ನ.
ಬರ್ಫಿನಾಗ ಒಂಬತ್ತು ತಾಸು, ಅವನ ಒಂದು ಕಾಲು ಜೋತಾಡಕೋತ,
ನನ್ನ ಹೆಡಕಿನ ಮ್ಯಾಲ ಅವನ ಬಿಸಿ ಉಸುರು.
ಅದು ನಿಂತೀತೇನೋ ಅಂತ
ಟೊಂಕ ಬಿಗಿಹಿಡದು, ಕಿವಿಗೊಟ್ಟು ಇಳದೆ.

ಅವ ಬದುಕ್ಯಾನ. ಕಾಲೂ ಕೂಡೇತಿ. ಬೇಕರಿ ಹಾಕ್ಯಾನ.
ದೀಪಾವಳಿಗೆ ಫೋನ್ ಹಚ್ಚಿ ಬೈತಾನ:
ಎಷ್ಟು ಕುಲುಕಿದೆಲೇ ಬಾಳ್ಯಾ, ಎತ್ತಿನ ಗಾಡಿ ಚಲೋ ಇತ್ತು.

ಮೇಜರ್ ಅಂದಳು, ಕಾವಲಿಗೆ ನಿಂತ ಸಂತ್ರಿಗೆ
ಲಡಾಯಿ ಮುಗದದ್ದು ಯಾರೂ ತಿಳಿಸಿಲ್ಲ.
ಇರಬಹುದು. ನನಗ ತಿಳದದ್ದು ಇಷ್ಟ:
ದತ್ತಾ ಎಂದೋ ಇಳದಾನ,
ಟೊಂಕಕ್ಕ ಇನ್ನಾ ಗೊತ್ತಾಗಿಲ್ಲ.

ಹೋದ ಐತವಾರ ಅವನ್ನ ಕರಿಸಿದೆ.
ಕೋಟಿ ಕೆರಿ ದಂಡಿಗುಂಟ ನಡದ್ವಿ. ತೊಂಬತ್ತೆರಡು ಕಿಲೋ ಆಗ್ಯಾನ,
ಅರ್ಧ ದಾರ್ಯಾಗ ತೇಕಕೋತ ಕಟ್ಟಿ ಮ್ಯಾಲ ಕುಂತ.
ಇನ್ನೊಮ್ಮೆ ಹೊರ್ತೀಯೇನಪಾ? ಅಂದ.
ನಕ್ಕೆ. ಚಳಕು ಹೊಡೀತು.
ಮತ್ತೂ ನಕ್ಕೆ.

ಈ ಮಂಗಳವಾರ ಮೇಜರ್, ದಿಲ್ಶಾದಳ ಕಡಿಂದ ಕಲತು,
ತಡವರಿಸಿ ಕೇಳಿದಳು:
ಹತ್ತರಾಗ ಎಷ್ಟು?
ಕಸ್ತೂರಿ ಕೈ ಸೆರಗಿನೊಳಗ ಹೋದವು.
ಆರ್ರೀ, ಅಂದೆ.
ಅಕಿ ಮೊದಲನೇ ಸಲ ಕೈ ಹೊರಗ ತಗದಳು.
ಆರು ಬೆರಳು.
ಏಳನೇದು, ಅರ್ಧ ಮಡಚಿದ್ದು.