ತೋಳನ ಪಾಲು

ಪತಸಂಸ್ಥೆಯ ಹಳೇ ಖಾತೆಬುಕ್ಕು, ಹಿಂದಿನ ಪುಟಗಳು ಖಾಲಿ.
ಅಲ್ಲಿಂದಲೇ ಶುರು ಮಾಡಿದೆ
ಬೋರಿ ಹೊಳೆಯಾಚೆಯ ಕರಿಮಡ್ಡಿಯ ಮುಂದಿನ ಐದು ವರ್ಷ.

ಹಳೇ ಉತಾರದಲ್ಲಿ ಅದು ಪಡಾ ಜಮೀನು,
ಆಮೇಲಿನ ಉತಾರದಲ್ಲಿ ಗಾಯರಾಣ,
ಈಗ ಮೂರು ವರ್ಷದಿಂದ ಸಂರಕ್ಷಿತ. ಅಂದರೆ
ಒಂದು ಹಸಿರು ಬೋರ್ಡು. ಅದರ ಮೇಲೆ ಒಂದು ಹಕ್ಕಿ.
ಬೋರ್ಡಿನ ಮರಾಠಿಯಲ್ಲಿ ಮಾಳಢೋಕ,
ನಮ್ಮ ಬಾಯಲ್ಲಿ ಎರೆಭೂತ.
ಎರಡೂ ಹೆಸರಿಗೆ ಓಗೊಟ್ಟಿಲ್ಲ ಅದು
ಹನ್ನೊಂದು ಮಳೆಗಾಲ.

ಪುಣೆಯಿಂದ ಪಾರಸನೀಸ ಮೇಡಂ ಫೋನು ಮಾಡಿದ್ದರು.
ಮಾರ್ಚಿಗೆ ಪ್ರಾಜೆಕ್ಟು ಮುಗಿಯುತ್ತದೆ,
ಇನ್ನು ನಿಮ್ಮ ಮಡ್ಡಿ ಸ್ವಾವಲಂಬಿ ಆಗಬೇಕು.
ಆ ಶಬ್ದ ಎರಡೂ ಭಾಷೆಯಲ್ಲಿ ಒಂದೇ,
ಅನುವಾದದ ನೆಪ ಹೇಳಿ ಜಾರಲಿಕ್ಕೂ ಬರಲಿಲ್ಲ.

ಖರ್ಚು:
ದಸ್ತಗೀರನ ಪಗಾರ, ತಿಂಗಳಿಗೆ ಒಂಬತ್ತು ಸಾವಿರ.
ಹೋಳಿಗೆ ಮುಂಚೆ ಬೆಂಕಿಪಟ್ಟಿ ಸವರಲಿಕ್ಕೆ
ಹನ್ನೆರಡು ಆಳು, ಎರಡು ದಿನ.
ಬೈಕಿಗೆ ಪೆಟ್ರೋಲು. ಅವನು ಕೇಳುವುದಿಲ್ಲ, ನಾನೇ ಬರೆಯುತ್ತೇನೆ.
ತೋಳ ಹಿಡಿದ ಕುರಿಗೆ ಪರಿಹಾರ, ಆರು ಸಾವಿರಕ್ಕೊಂದರಂತೆ,
ಹೋದ ವರ್ಷ ಹದಿನಾಲ್ಕು.

ಜಮಾ:
ಹುಲ್ಲಿನ ಲಿಲಾವು. ನೆಲದ ಮೇಲೆ ಗೂಡು ಕಟ್ಟುವ ಗುಬ್ಬಿಗಳ
ಮರಿ ಹಾರಿಹೋಗಲಿ ಎಂದು
ದೀಪಾವಳಿ ದಾಟಿಸಿ ಕುಯ್ಯುತ್ತೇವೆ; ಅಷ್ಟರಲ್ಲಿ
ಬೀಜ ಉದುರಿ, ಕಡ್ಡಿ ಬಿಳಿಚಿ, ರೇಟು ಅರ್ಧ.
ಆ ಇನ್ನರ್ಧವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯದೆ
ಬರೆದಿಲ್ಲ.
ಕ್ಯಾಮೆರಾದವರ ಗಾಡಿಗೆ ಇನ್ನೂರು.
(ಸೊಲ್ಲಾಪುರದ ಹಲ್ಲಿನ ಡಾಕ್ಟರೊಬ್ಬರು
ಚಿಗರಿ ನೋಡಿ ನಕ್ಕರು, ತೋಳ ನೋಡಿ ಐನೂರರ ನೋಟು ಕೊಟ್ಟು
ಚಿಲ್ಲರೆ ಬೇಡ ಅಂದರು.)
ಮೂರು ಲಕ್ಷದ ಠೇವಣಿಗೆ ಏಳು ಟಕ್ಕೆ ಬಡ್ಡಿ.

ಕೂಡಿಸಿದೆ, ಕಳೆದೆ. ಮತ್ತೆ ಕೂಡಿಸಿದೆ.
ತೂಟು ಒಂದು ಲಕ್ಷ ಹತ್ತು ಸಾವಿರದ ಆರುನೂರು.
ಯಾರೂ ಬಿತ್ತದೆ ಯಾರೂ ನೀರು ಹಾಯಿಸದೆ ಇಷ್ಟು ಕಾಲ
ತಾನೇ ಬೆಳೆದ ಹುಲ್ಲಿಗೆ
ಈಗ ಬದುಕಲಿಕ್ಕೆ ಇಷ್ಟು ಕಡಿಮೆ.

ಆದಿತ್ಯವಾರ ಕನ್ನಡ ಶಾಲೆಯ ಪಡಸಾಲೆಯಲ್ಲಿ ಸಭೆ.
ಓದಿ ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ಆಮೇಲೆ ಬಿಳೇನಿಸಿದ್ದ, ಕಂಬಳಿ ಹೆಗಲು ಬದಲಿಸಿ:
"ಬಾಯಾರ, ಕುರೀದು ತಗದ ಬಿಡ್ರಿ.
ನಮ್ಮ ಮುತ್ಯಾ ನೂರು ಮರಿ ಎಣಿಸಿ
ತೊಂಬತ್ತೆಂಟು ಅಂತಿದ್ದ. ಎರಡು ತ್ವಾಳಂದು.
ಅದೂ ಇದ ಮಡ್ಡಿಯಾಗ ಹುಟ್ಟೇತಿ.
ಅವಾ ಯಾರ ಮುಂದ ಅರ್ಜಿ ಹಿಡಕೊಂಡು ನಿಂತಿದ್ದ?"

ಚಪ್ಪಾಳೆ ಬಿತ್ತು.
ರಾತ್ರಿ ಮೇಡಂಗೆ ಹೇಳಿದರೆ ಅವರ ದನಿ ಒದ್ದೆಯಾಯಿತು.
ಇದಕ್ಕೆ ಕಾಲಮ್ಮಿದೆ, ಅಂದರು, 'ಸ್ಥಾನಿಕ ಯೋಗದಾನ'.
ಎಂಬತ್ನಾಲ್ಕು ಸಾವಿರ. ಜಮಾದ ಕಡೆ ಬರೆಯಿರಿ.
ದಾನಿಗಳು ಇಂಥದ್ದನ್ನೇ ಹುಡುಕುತ್ತಾರೆ.

ಪೆನ್ನು ಎತ್ತಿದವಳು ಹಾಗೇ ಕೂತೆ.
ಮುತ್ಯಾನ ನೂರು ಈಗ ಮೂವತ್ತೆಂಟು.
ಎರಡು ಮಾತ್ರ ಎರಡಾಗಿ ಉಳಿಯಲಿಲ್ಲ;
ಹದಿನಾಲ್ಕರಲ್ಲಿ ಆರು ಬಿಳೇನಿಸಿದ್ದನವೇ.
ಅವನು ಕೊಟ್ಟ ಮಾತು ದೊಡ್ಡದು,
ಅವನ ಹಿಂಡು ಸಣ್ಣದು.
ಕಳಕೊಂಡದ್ದನ್ನು ಗಳಿಕೆಯೆಂದು ಬರೆಯಲು
ಇಪ್ಪತ್ತಾರು ವರ್ಷದ ಈ ಕೈಗೆ ಅಭ್ಯಾಸವಿಲ್ಲ.

ಖರ್ಚಿನ ಕಡೆಗೇ ಬರೆದೆ, 'ತೋಳನ ಪಾಲು' ಅಂತ,
ಎದುರಿಗೆ ಎಂಬತ್ನಾಲ್ಕು ಸಾವಿರ.
ತೂಟು ಇದ್ದಷ್ಟೇ ಇದೆ. ಶಾಯಿಯಲ್ಲಿದೆ.
ಸೋಮವಾರ ಮೇಡಂ ಮತ್ತೆ ಫೋನು ಮಾಡುತ್ತಾರೆ.

ಹೊರಗೆ ಬೈಕು ನಿಂತಿತು.
ಬಾಗಿಲಲ್ಲಿ ದಸ್ತಗೀರ, ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು:
"ಬ್ಯಾಟರಿ ಶೆಲ್ಲು ಬರದ್ರೇನ್ರಿ ಅದರಾಗ?"
ಮರೆತಿದ್ದೆ.
ವರ್ಷಕ್ಕೆ ಎಷ್ಟು ಬೇಕಾಗ್ತಾವೋ?
ಅವನು ಬೆರಳು ಮಡಚುತ್ತ ಎಣಿಸತೊಡಗಿದ,
ಕತ್ತಲು ಹೆಚ್ಚಿರುವ ತಿಂಗಳುಗಳನ್ನು ಮೊದಲು.