ಮೂರಡಿ ದಾರಿ

ರೈಲಿಗೆಂದು ಕಟ್ಟಿದ್ದು ಸೇತುವೆ.
ನಮಗೆಂದು ಅದರ ಪಕ್ಕೆಗೆ ಅಂಟಿಸಿದ್ದು
ಮೂರಡಿ ತಗಡು, ಸೊಂಟದೆತ್ತರ ಕಂಬಿ,
ಮತ್ತೊಂದು ಬೋರ್ಡು: ಸೈಕಲ್ ತಳ್ಳಿಕೊಂಡು ಹೋಗತಕ್ಕದ್ದು.
ಯಾರೂ ತಳ್ಳುವುದಿಲ್ಲ.
ತಗಡಿನ ಮೇಲೆ ಚಕ್ರ ಹರಿದರೆ ಒಂದು ಸದ್ದಿದೆ,
ಕಾದ ಬಾಂಡಲೆಯಲ್ಲಿ ಸಾಸಿವೆ ಸಿಡಿದ ಹಾಗೆ.
ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ.

ಬೆಳಗ್ಗೆ ಏಳಕ್ಕೆ ದಾಟುತ್ತೇನೆ
ಆಚೆ ದಡದ ಶಾಲೆಗೆ, ಬಿಸಿಯೂಟದ ಒಲೆಗೆ.
ಕ್ಯಾರಿಯರ್‌ಗೆ ಕಟ್ಟಿದ ಮೂರು ಟ್ರೇಗಳಲ್ಲಿ
ತೊಂಬತ್ತು ಮೊಟ್ಟೆ.
ಕೆಳಗೆ ತುಂಗೆ; ಬೇಸಿಗೆಯಲ್ಲಿ ಬಂಡೆಗೊಂದರಂತೆ ನೀರುಕಾಗೆ,
ರೆಕ್ಕೆ ಒಣಹಾಕಿಕೊಂಡು.
ಕೀಮ್ಯಾನ್ ಹಾಲಪ್ಪ ಸುತ್ತಿಗೆಯಲ್ಲಿ ಹಳಿ ಬಡಿದು
ಕಿವಿಗೊಡುತ್ತಾನೆ, ಡಾಕ್ಟರ ಥರ.
"ಹೆಂಗಿದೆ?" ಅಂದರೆ
"ನಿನಗಿಂತ ಗಟ್ಟಿ" ಅನ್ನುತ್ತಾನೆ.

ನಟ್ಟನಡುವೆ, ಐದನೇ ಕಂಬದ ತಲೆಯ ಮೇಲೆ
ಹೊರಕ್ಕೆ ಚಾಚಿದ ಒಂದು ಗೂಡು,
ಗಾಡಿ ಬಂದಾಗ ನಿಲ್ಲಲಿಕ್ಕೆ.
ಇಬ್ಬರಿಗೆ ತುಂಬುತ್ತದೆ. ಸೈಕಲ್ಲಿದ್ದರೆ ಒಂದೂವರೆ ಜನಕ್ಕೆ.

ಅವತ್ತು ತಾಳಗುಪ್ಪದ ಗಾಡಿ ತಡ.
ನಾನು ಇತ್ತಿಂದ, ಗುತ್ಯಮ್ಮ ಅತ್ತಿಂದ.
ಆರು ವರ್ಷ. ಸಂಘದ ಲೆಕ್ಕದಲ್ಲಿ ಎಂಟುನೂರು ರೂಪಾಯಿ
ಕಡಿಮೆ ಬಿದ್ದ ದಿನ, ಹದಿನೇಳು ಹೆಂಗಸರ ಮುಂದೆ
ಅವಳು ನನ್ನ ಕೈ ನೋಡಿದಳು.
ಬಾಯಿಬಿಟ್ಟು ಏನೂ ಅನ್ನಲಿಲ್ಲ. ಬರೀ ನೋಡಿದಳು.
ಅಂದಿನಿಂದ ಈ ಮೂರಡಿಯಲ್ಲಿ
ದಿನವೂ ಎದುರಾಗಿ, ದಿನವೂ ನದಿ ನೋಡುತ್ತಾ
ಜರುಗಿಕೊಂಡಿದ್ದೇವೆ.
ತುಂಗೆಯನ್ನು ನಮ್ಮಷ್ಟು ನೋಡಿದವರು
ಶಿವಮೊಗ್ಗದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಹಳಿ ಮೊದಲು ಸಣ್ಣಗೆ ಗುನುಗಿತು.
ಇಬ್ಬರೂ ಗೂಡಿಗೆ ಓಡಿದೆವು.
ಬೇರೆ ಜಾಗ ಎಲ್ಲಿದೆ?
ಅವಳ ಭುಜ ನನ್ನ ಭುಜಕ್ಕೆ, ಹ್ಯಾಂಡಲ್ಲು ಇಬ್ಬರ ಪಕ್ಕೆಗೂ,
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವಳ
ಸೀರೆಯಲ್ಲಿ ಫಿನಾಯಿಲ್ ವಾಸನೆ.

ಎಂಜಿನ್ನು ಬಂತು. ತಗಡು, ಕಂಬಿ, ಹಲ್ಲು
ಎಲ್ಲ ಒಂದೇ ಸಮ ನಡುಗಿದವು.
ಕಿಟಕಿ, ಕಿಟಕಿ, ಬಾಗಿಲಲ್ಲಿ ಹಲ್ಲುಜ್ಜುವ ಒಬ್ಬ,
ಕೈಬೀಸುವ ಮಗು, ಯಾರಿಗೆ ಬೀಸಿತೋ.
ಡಬ್ಬಿ ಎಣಿಸುತ್ತಿದ್ದೆ.
ಒಂಬತ್ತನೆಯದಕ್ಕೆ ಕೆಳಗೆ ನೋಡಿದರೆ
ಗುತ್ಯಮ್ಮನ ಎರಡೂ ಕೈ
ಮೊಟ್ಟೆಯ ಟ್ರೇಗಳ ಮೇಲೆ,
ಕೂಸಿನ ನೆತ್ತಿ ಹಿಡಿಯುವ ಹಾಗೆ, ಒತ್ತದೆ.

ಗಾಡಿ ಹೋದ ಮೇಲೂ ತಗಡು ಸ್ವಲ್ಪ ಹೊತ್ತು ನಡುಗುತ್ತದೆ.
ಅದು ನಿಲ್ಲುವ ತನಕ ಅವಳು ಕೈ ತೆಗೆಯಲಿಲ್ಲ.
ಆಮೇಲೆ ಸೆರಗು ಸರಿಮಾಡಿಕೊಂಡು, ನೀರಿನ ಕಡೆ ತಿರುಗಿ
"ಹಿಂದಿನ ಚಕ್ರದಲ್ಲಿ ಗಾಳಿ ಇಲ್ಲ" ಅಂದಳು.
ನದಿಗೆ ಹೇಳಿದಳೋ, ನನಗೋ.

ಎಂಟುನೂರರದ್ದು ಇನ್ನೂ ಹಾಗೇ ಇದೆ.
ಅವತ್ತು ಮಾತ್ರ ಬೋರ್ಡಿನ ಮಾತು ಕೇಳಿ
ಸೈಕಲ್ ತಳ್ಳಿಕೊಂಡೇ ಹೋದೆ ಆ ತುದಿಯವರೆಗೂ.
ಎಂಬತ್ತೊಂಬತ್ತು ನೆಟ್ಟಗಿದ್ದವು. ಒಂದು ಬಿರುಕು ಬಿಟ್ಟಿತ್ತು.
ಅದನ್ನು ಯಾವ ಲೆಕ್ಕಕ್ಕೆ ಬರೆಯೋದು
ಅಂತ ಹೆಡ್‌ಮೇಷ್ಟ್ರು ಕೇಳಿದರು.